ಬಡೇ ಗೋಶ್ತ್ ಅಡಿಗಿ: ಮಂದಿ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಬೀದರದಾಗ ಹುಟ್ಟಿ ಬೆಳೆದಾಕಿ, ಮದುವಿ ಆದಮ್ಯಾಲ ಕಲಬುರಗಿ. ತವರುಮನಿ ಮೆಥಡಿಸ್ಟ್ ಕ್ರೈಸ್ತರದು, ಈಗಿನ ಮನಿ ಬಾಜೂಕ ಖಾಲಾ ಅವರ ಮನಿ, ತಂಗಿ ನರ್ಸಿಂಗ್ ಓದುವಾಗ ಮಲಯಾಳಿ ಹುಡುಗ್ಯಾರ ಜೊತಿ ಒಂದೇ ರೂಮಿನ್ಯಾಗ ಇದ್ದಾಕಿ, ಹಿಂಗಾಗಿ ಬಡೇ ಗೋಶ್ತ್ (ಎಮ್ಮಿ-ಕೋಣದ ಮಾಂಸ) ಅಡಿಗಿ ನಾಕೂ ದಿಕ್ಕಿನಿಂದ ನಮ್ಮ ಒಲಿಗಿ ಬಂದದ. ಚರ್ಚ್ ಮುಂದ, ಮದುವಿ ಮನ್ಯಾಗ, ಫೋನಿನ್ಯಾಗ, ಪತ್ರದಾಗ, ಕಾಮೆಂಟಿನ್ಯಾಗ ಮಂದಿ ಕೇಳೋದು ಹೆಚ್ಚುಕಮ್ಮಿ ಅವೇ ಪ್ರಶ್ನಿ, ಅದಕ್ಕ ಎಲ್ಲಾ ಒಂದೇ ಕಡಿ ಬರದೀನಿ. ಕೇಳಿದವರ ಮಾತು ಹೆಂಗಿತ್ತೋ ಹಂಗೇ ಇಟ್ಟೀನಿ. ಸುರುವಿನ್ಯಾಗ ಹೊಸಬರಿಗಿ, ಕಡೀಕ ಕೈ ಪಳಗಿದವರಿಗಿ.

## ಅಂಗಡಿಯಿಂದ ಕುಕ್ಕರ್ ತನಕ

ಅಕ್ಕಾ, ನಮ್ಮ ಕಡಿ ಬೀಫ್ ಅಂತ ಸಿಗೋದು ಯಾವ ಮಾಂಸ? ಕಾನೂನಿನ್ಯಾಗ ನಡೀತದಾ?

ಎಮ್ಮಿ ಇಲ್ಲಾ ಕೋಣದ್ದು. ಕರ್ನಾಟಕದಾಗ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರಿಂದ ಜಾರಿ ಅದ, ಅದರ ಪ್ರಕಾರ ಆಕಳ, ಕರು, ಹೋರಿ, ಎತ್ತು ಯಾವುದೂ ಕಡಿಯೋಹಂಗಿಲ್ಲ. 13 ವರ್ಷ ದಾಟಿದ ಎಮ್ಮಿ-ಕೋಣ ಮಾತ್ರ, ಅದೂ ಅಧಿಕಾರಿ ಸರ್ಟಿಫಿಕೇಟ್ ಕೊಟ್ಟಮ್ಯಾಲ. ಅದಕ್ಕ ಗುರ್ತಿದ್ದ, ಲೈಸೆನ್ಸ್ ಇದ್ದ ಅಂಗಡಿಯಿಂದನೇ ತರ್ರಿ, ಎಲ್ಲಿಂದಲೋ ಅಗ್ಗಕ್ಕ ಬಂತು ಅಂತ ತರಬ್ಯಾಡ್ರಿ.

ಈ 13 ವರ್ಷದ ಮಾತು ಬರೇ ಕಾನೂನಿಂದಲ್ಲ, ಅಡಿಗಿಂದೂ ಹೌದು. ಹೊರದೇಶದವರು ರೆಸಿಪಿ ಬರಿಯೋದು ಎರಡು ವರ್ಷದ ಆಸುಪಾಸಿನ ಎಳೀ ದನದ ಮಾಂಸ ಇಟ್ಕೊಂಡು, ನಮಗ ಸಿಗೋದು ವರ್ಷಾನುಗಟ್ಟಲೆ ಹಾಲು ಕೊಟ್ಟು ಇಲ್ಲಾ ಗಾಡಿ ಎಳದು ಮುಪ್ಪಾದ ಪ್ರಾಣಿದು. ಅದರ ನಾರು ಗಟ್ಟಿ, ಒಳಗಿನ ಚರ್ಬಿ ಕಮ್ಮಿ, ಬಣ್ಣ ಕಪ್ಪುಗೆಂಪು. ಹಿಂಗಾಗಿ ಅವರು ಒಂದೂವರಿ ತಾಸು ಅಂತ ಬರದಿದ್ರ ನಾವು ಮೂರು ತಾಸು ಅಂತ ಓದ್ಕೋಬೇಕು. ಮೊದಲ ತುಂಡು ನೋಡಬೇಕು, ಆಮ್ಯಾಲ ಯಾವ ಅಡಿಗಿ ಅಂತ ಗೊತ್ತುಮಾಡಬೇಕು. ಮಂದಿ ಇದನ್ನ ತಿರುಗಿಮುರುಗಿ ಮಾಡಿ, ಮಾಂಸ ಛಲೋ ಸಿಗಲಿಲ್ಲ ಅಂತ ಅಂಗಡಿಯವನಿಗಿ ಬೈತಾರ.

ಅಂಗಡಿಗಿ ಹೋದ್ರ ಏನಂತ ಕೇಳಬೇಕು? ನನಗ ಒಂದೂ ಹೆಸರು ಗೊತ್ತಿಲ್ಲ, ಅವನು ಕೊಟ್ಟದ್ದು ತರ್ತೀನಿ

ನಮ್ಮ ಕಡಿ ಕಸಾಯಿ ಅಂಗಡಿ ಭಾಷಿ ಉರ್ದುನೇ, ಐದಾರು ಹೆಸರು ಕಲ್ತ್ರ ಸಾಕು. ದಸ್ತಿ ಅಂದ್ರ ಮುಂದಿನ ಕಾಲು-ಭುಜದ ಕಡಿದು, ಸಾರು, ತಹರಿ (ಮಾಂಸದ ಅನ್ನ), ಗೂಲಾಶ್ (ಹಂಗೇರಿಯ ಮಾಂಸದ ಅಡಿಗಿ) ಎಲ್ಲಾಕ್ಕೂ ಆಗ್ತದ, ಒಂದೇ ತುಂಡು ಹೆಸರು ನೆನಪಿಡ್ತೀನಿ ಅನ್ನೋರು ಇದನ್ನೇ ನೆನಪಿಡ್ರಿ. ಬೊಂಗ್ ಅಂದ್ರ ಮೊಳಕಾಲಿನ ಮಾಂಸ, ಬಿಳಿ ನರ ಜಾಸ್ತಿ, ರಾತ್ರಿಯೆಲ್ಲಾ ಬೇಯಿಸೋ ನಿಹಾರಿಗಿ ಇದೇ ಬೇಕು. ಸೀನಾ ಅಂದ್ರ ಎದಿ, ಚರ್ಬಿ ಇರ್ತದ. ಚಾಪ್ ಅಂದ್ರ ಪಕ್ಕೆಲುಬು, ಬ್ಯಾಳಿ-ಮಾಂಸ ಕೂಡಿಸಿ ಮಾಡೋ ದಾಲ್ಚಾಕ್ಕ. ರಾನ್ ಅಂದ್ರ ಹಿಂದಿನ ತೊಡಿ, ಎಲುಬಿಲ್ಲದ ದೊಡ್ಡ ತುಂಡು ಬರ್ತಾವ, ಖೀಮಾಕ್ಕೂ ಪಸಂದಾಕ್ಕೂ ಸರಿ, ಬರೇ ಸಾರಿಗಿ ಹಾಕಿದ್ರ ಒಣಒಣ ಅನಿಸ್ತದ. ಅಂಡರ್‌ಕಟ್ ಅಂದ್ರ ಬೆನ್ನಿನ ಒಳಮೈಯಾಗ ಇರೋ ಮೆತ್ತನ್ನ ಪಟ್ಟಿ, ಒಂದು ಪ್ರಾಣಿಯಾಗ ಸೊಲ್ಪೇ ಸಿಗ್ತದ, ಹಿಂದಿನ ದಿನನೇ ಹೇಳಿ ಇಡಸಬೇಕು.

ಅಂಗಡಿಯವನಿಗಿ ತುಂಡಿನ ಹೆಸರಿನ ಜೊತಿ ಅಡಿಗಿ ಹೆಸರೂ ಹೇಳ್ರಿ. "ತಹರಿ ಮಾಡಾಕ ಕೊಡು" ಅಂದ್ರ ಅವನೇ ಎಲುಬು ಕೂಡಿಸಿ ಅಳತಿ ಸರಿ ಕಡೀತಾನ.

ತಾಜಾ ಅದನೋ ಇಲ್ಲೋ ಹೆಂಗ ನೋಡೋದು?

ಬೆಳ್ಳಿಲೆ ಒತ್ತಿದ್ರ ತಗ್ಗು ಬಿದ್ದು ಮತ್ತ ಮ್ಯಾಲ ಬರಬೇಕು. ಅಂಟಂಟು ಇರಬಾರದು, ಹುಳಿ ವಾಸನಿ ಬರಬಾರದು. ಬಣ್ಣ ಕಪ್ಪಗ ಅದ ಅಂತ ಹೆದರಬ್ಯಾಡ್ರಿ, ಎಮ್ಮಿ ಮಾಂಸ ಕುರಿಗಿಂತ ಗಾಢ ಇರೋದೇ. ಚರ್ಬಿ ಬೆಳ್ಳಗ ಇರ್ತದ. ಬ್ಯಾಸಗಿದಾಗ ಮುಂಜಾನಿ ಎಂಟರೊಳಗ ಹೋಗ್ರಿ, ಅದೊಂದು ರೂಢಿ ಮಾಡ್ಕೊಂಡ್ರ ಉಳಿದ ಪರೀಕ್ಷಾ ಅರ್ಧ ಕಮ್ಮಿ ಆಗ್ತಾವ.

ಎಷ್ಟ್ ಸಲ ತೊಳದ್ರೂ ಕೆಂಪು ನೀರು ಬರ್ತದ, ವಾಸನಿ ಹೋಗಂಗಿಲ್ಲ, ಏನ್ ಮಾಡ್ಲಿ?

ಆ ಕೆಂಪು ನೀರು ರಕ್ತ ಅಲ್ರಿ, ಮಾಂಸದಾಗಿನ ಬಣ್ಣದ ಪ್ರೋಟೀನು ನೀರಿನ್ಯಾಗ ಕಲತದ್ದು. ಹತ್ತು ಸಲ ತೊಳದ್ರೂ ಬರ್ತದ, ತೊಳದಷ್ಟೂ ರುಚಿ ಹೋಗ್ತದ. ನಳದ ಕೆಳಗ ಹಿಡದು ತೊಳಿಬ್ಯಾಡ್ರಿ, ನೀರು ಸಿಡದು ಕಟ್ಟಿಮ್ಯಾಲಿನ ತಾಟು, ಕೊತ್ತಂಬರಿ ಎಲ್ಲಾಕ್ಕೂ ಹೊಲಸು ಹತ್ತತದ. ಭಗೋಣಿಯಾಗ ನೀರು ತುಂಬಿ ಎರಡು ಸಲ ಸಾವಕಾಶ ಜಾಲಾಡ್ಸಿ ಜರಡಿಗಿ ಹಾಕ್ರಿ. ಕ್ರಿಮಿ ಸಾಯೋದು ಕುದಿಯಾಗ, ತೊಳಿಯೋದ್ರಾಗ ಅಲ್ಲ.

ವಾಸನಿ ಬಹಳ ಸಲ ಹಳೀ ಚರ್ಬಿದು, ಹೊರಗಿನ ದಪ್ಪ ಚರ್ಬಿ, ತೆಳು ಪೊರಿ ಚಾಕುಲೆ ತಗೀರಿ. ಎಲುಬಿನ ತುಂಡು ಇದ್ರ ಕುದಿಯೋ ನೀರಿಗಿ ಹಾಕಿ ಐದು ನಿಮಿಷ ಬಿಟ್ಟು ಆ ನೊರಿ ನೀರು ಚೆಲ್ರಿ. ಆಮ್ಯಾಲ ಅರಿಷಿಣ, ಅಲ್ಲ, ಬಳ್ಳೊಳ್ಳಿ ಹಚ್ಚಿದ್ರ ಸಾಕು.

ಕುಕ್ಕರಿನ್ಯಾಗ ಎಷ್ಟ್ ಸೀಟಿ ಅಕ್ಕಾ? ಎಂಟು ಸೀಟಿ ಮಾಡಿಸಿದೆ, ರಬ್ಬರ್ ಆಯ್ತು

ಈ ಪ್ರಶ್ನಿ ವಾರಕ್ಕೊಮ್ಮಿ ಬರ್ತದ, ಅದಕ್ಕ ಜರಾ ಬಿಡಿಸಿ ಹೇಳ್ತೀನಿ. ಸೀಟಿ ಲೆಕ್ಕ ಬಿಟ್ಟು ಗಡಿಯಾರ ಲೆಕ್ಕ ಹಿಡೀರಿ. ಉರಿ ಜೋರಿದ್ರ ಎಂಟು ಸೀಟಿ ಹತ್ತು ನಿಮಿಷದಾಗ ಮುಗೀತಾವ, ಸಣ್ಣಿದ್ರ ಅರ್ಧ ತಾಸು, ಅಂದಮ್ಯಾಲ ಎಂಟು ಸೀಟಿ ಅನ್ನೋದು ಯಾವ ಅಳತಿ?

ಮಾಂಸದೊಳಗ ಏನು ಆಗ್ತದ ಅಂದ್ರ, 60-65 ಡಿಗ್ರಿ ದಾಟಿದ ಕೂಡ್ಲೆ ನಾರು ಹಿಂಡಿದಂಗ ಆಗಿ ನೀರು ಬಿಡ್ತದ, ಆಗ ಅದು ಹಸಿ ಇದ್ದಾಗಿಗಿಂತ ಗಟ್ಟಿ. ನಾರು ನಾರಿನ ನಡುವ ಇರೋ ಬಿಳಿ ನರ, ಕೊಲಾಜನ್ ಅಂತಾರ, ಅದು 70 ಡಿಗ್ರಿ ಮ್ಯಾಲ ಭಾಳ ಹೊತ್ತು ಇದ್ದ್ರ ಕರಗಿ ಜಿಲಾಟಿನ್ ಆಗ್ತದ, ಆವಾಗ ಮಾಂಸ ಮೆತ್ತಗ, ಸಾರು ತುಟಿಗಿ ಅಂಟೋಹಂಗ. ಅಂದ್ರ ನಡುವ ಒಂದು ಗಟ್ಟಿ ಘಟ್ಟ ಬರ್ತದ, ಮಂದಿ ಅಲ್ಲೇ ಮುಚ್ಚಳ ತಗದು ನೋಡಿ ಮಾಂಸ ಕೆಟ್ಟದ್ದು ಅಂತಾರ. ಮಾಂಸ ಕೆಟ್ಟಿಲ್ಲ, ಅರ್ಧ ದಾರಿಯಾಗ ಅದ. ಇನ್ನೊಂದು ಬಟ್ಟಲು ಬಿಸಿನೀರು ಹಾಕಿ ಮತ್ತ ಮುಚ್ರಿ.

ಕುಕ್ಕರಿನ್ಯಾಗ ನೀರು ಸುಮಾರು 120 ಡಿಗ್ರಿ ತನಕ ಹೋಗ್ತದ, ಅದಕ್ಕ ಕೆಲಸ ಬೇಗ. ಒಂದು ಸೀಟಿ ಬಂದಮ್ಯಾಲ ಉರಿ ಪೂರ್ತಿ ಸಣ್ಣ ಮಾಡ್ರಿ, ಅಲ್ಲಿಂದ ದಸ್ತಿ, ರಾನ್ ಆದ್ರ 35ರಿಂದ 40 ನಿಮಿಷ, ಬೊಂಗ್, ಸೀನಾ ಆದ್ರ 50ರಿಂದ 60. ಹವಾ ತಾನೇ ಇಳಿಲಿ, ಚಮಚಿಲೆ ಸೀಟಿ ಎತ್ತಿ ಹವಾ ಬಿಡಬ್ಯಾಡ್ರಿ. ಆಗ್ಯಾದೋ ಇಲ್ಲೋ ನೋಡಾಕ ಒಂದು ತುಂಡು ತಾಟಿನ್ಯಾಗ ಇಟ್ಟು ಚಮಚಿ ಬೆನ್ನಿಲೆ ಒತ್ರಿ, ಎಳಿ ಎಳಿ ಆಗಿ ಬಿಚ್ಚಿದ್ರ ಆತು.

ಉಪ್ಪು ಮೊದಲ ಹಾಕಿದ್ರ ಮಾಂಸ ಬೇಯಲ್ಲ ಅಂತ ಅತ್ತಿ ಹೇಳ್ತಾರ, ಖರೇನ?

ಬೇಯ್ತದ್ರಿ. ಮೊದಲ ಹಾಕಿದ್ರ ಉಪ್ಪು ಒಳತನಕ ಇಳೀತದ, ಕಡೀಕ ಹಾಕಿದ್ರ ಸಾರಿನ್ಯಾಗ ಉಪ್ಪು, ತುಂಡು ಸಪ್ಪಗ. ಕಿಲೋಕ್ಕ ಎರಡು ಸಣ್ಣ ಚಮಚಿ, ಒಂದು ತಾಸು ಮುಂಚೆ ಹಚ್ಚಿ ಇಟ್ರ ಇನ್ನೂ ಛಲೋ. ಒಂದೇ ಎಚ್ಚರಿಕಿ, ಸಾರು ಇಂಗಿಸೋ ಅಡಿಗಿ ಇದ್ದ್ರ ಮೊದಲ ಅರ್ಧ ಹಾಕ್ರಿ, ನೀರು ಇಂಗಿದಂಗ ಉಪ್ಪು ಏರ್ತದ.

## ನಮ್ಮ ಕಡಿ ಅಡಿಗಿ

ತಹರಿಗೂ ಬಿರಿಯಾನಿಗೂ ಏನ್ ಫರಕು? ಎರಡೂ ಗೋಶ್ತು ಅನ್ನನೇ ಅಲ್ಲಾ?

ಬಿರಿಯಾನಿಗಿ ಅಕ್ಕಿ ಬ್ಯಾರೆ ಅರ್ಧ ಬೇಯಿಸಿ ಬಸದು ಮಾಂಸದ ಮ್ಯಾಲ ಪದರ ಹಾಕ್ತಾರ. ತಹರಿಗಿ ಹಸಿ ಅಕ್ಕಿ ಮಾಂಸದ ರಸದಾಗೇ ಬೇಯ್ತದ, ಅದಕ್ಕ ಒಂದೊಂದು ಅಗಳಿಗೂ ಮಾಂಸದ ರುಚಿ. ಉತ್ತರ ಭಾರತದಾಗ ತಹರಿ ಅಂದ್ರ ಆಲೂ-ಬಟಾಣಿ ಹಾಕಿದ ಹಳದಿ ಅನ್ನ, ಕಲಬುರಗಿದಾಗ ತಹರಿ ಅಂದ್ರ ಗೋಶ್ತೇ.

ಖಾಲಾ ಅವರು ಕಲಿಸಿದ ರೀತಿ ಇದು. ಒಂದು ಕಿಲೋ ಎಲುಬಿನ ದಸ್ತಿಗಿ ನಾಕು ಉಳ್ಳಾಗಡ್ಡಿ ಉದ್ದುದ್ದ ಹೆಚ್ಚಿ ಎಣ್ಣಿಯಾಗ ಕಂದು ಬಣ್ಣ ಬರೋತನಕ ಹುರೀಬೇಕು, ಇಲ್ಲಿ ಹದಿನೈದು ನಿಮಿಷ ಹಿಡೀತದ, ಗಡಿಬಿಡಿ ಮಾಡಿದ್ರ ತಹರಿ ಬೆಳ್ಳಗ ಆಗ್ತದ. ಆಮ್ಯಾಲ ಲವಂಗ, ಚಕ್ಕಿ, ಶಾಹಿ ಜೀರಾ, ಅಲ್ಲ-ಬಳ್ಳೊಳ್ಳಿ, ಖಾರ, ಅರಿಷಿಣ, ಮೂರು ಟಮಾಟಿ, ಒಂದು ಬಟ್ಟಲು ಮೊಸರು, ಮಾಂಸ. ಮೆತ್ತಗ ಬೆಂದಮ್ಯಾಲ ರಸ ಅಳೀರಿ. ಇದೇ ಮುಖ್ಯ ಮಾತು, ಮಂದಿ ಅಂದಾಜಿಲೆ ನೀರು ಹಾಕಿ ಮುದ್ದಿ ಮಾಡ್ತಾರ. ಇಪ್ಪತ್ತು ನಿಮಿಷ ನೆನಸಿದ ಬಾಸ್ಮತಿ ಒಂದು ಗ್ಲಾಸಿಗಿ ಒಂದೂವರಿ ಗ್ಲಾಸು ರಸ, ಸೋನಾ ಮಸೂರಿ ಆದ್ರ ಹತ್ತತ್ರ ಎರಡು. ರಸ ಕಮ್ಮಿ ಬಿದ್ರ ಬಿಸಿನೀರು ಕೂಡಿಸ್ರಿ. ಅಕ್ಕಿ ಮ್ಯಾಲ ನೀರು ಕಾಣದಂಗ ಆದಾಗ ಪುದೀನ ಉದುರಿಸಿ, ಭಗೋಣಿ ಕೆಳಗ ಹಂಚು ಇಟ್ಟು, ಸಣ್ಣ ಉರಿಮ್ಯಾಲ ಹದಿನೈದು ನಿಮಿಷ ದಮ್. ಜೊತಿಗಿ ಉಳ್ಳಾಗಡ್ಡಿ-ಮೊಸರು ಬಿಟ್ಟು ಏನೂ ಬ್ಯಾಡ.

ಹೈದರಾಬಾದಿನ ಕಲ್ಯಾಣಿ ಬಿರಿಯಾನಿ ನಮ್ಮ ಬಸವಕಲ್ಯಾಣದ್ದು ಅಂತಾರ, ಹೌದಾ?

ಹೆಸರು ಅಲ್ಲಿಂದನೇ. ಕಲ್ಯಾಣದ ನವಾಬರು ಹೈದರಾಬಾದಿಗಿ ಹೋಗಿ ನೆಲಿಸಿದಾಗ ಅವರ ಹವೇಲಿಗಿ ಬೀದರ-ಕಲ್ಯಾಣದ ಕಡಿಯಿಂದ ಯಾರೇ ಹೋದ್ರೂ ಈ ಬಿರಿಯಾನಿ ಉಣಸ್ತಿದ್ರು ಅಂತ ಹೇಳ್ತಾರ. ಸಣ್ಣ ಚೌಕ ತುಂಡಿನ ಎಮ್ಮಿ ಮಾಂಸ, ಟಮಾಟಿ, ಜೀರಗಿ, ಧನಿಯಾ ಮುಂದ ಇರ್ತಾವ, ಕೇಸರಿ, ತುಪ್ಪದ ಆಡಂಬರ ಇಲ್ಲ. ಮಂದಿ ಇದನ್ನ ಬಡವರ ಹೈದರಾಬಾದಿ ಬಿರಿಯಾನಿ ಅಂತಾರ, ನನಗ ಆ ಮಾತು ಸೇರಂಗಿಲ್ಲ, ಟಮಾಟಿ ಹುಳಿ ಮತ್ತ ಎಮ್ಮಿ ಮಾಂಸದ ಗಾಢ ರುಚಿ ಕೂಡಿದಾಗ ಅದು ತನ್ನದೇ ಒಂದು ಅಡಿಗಿ, ಇನ್ನೊಂದರ ಅಗ್ಗದ ನಕಲಲ್ಲ. ಮನ್ಯಾಗ ಮಾಡುವಾಗ ಮಾಂಸ ಮೊದಲೇ ಪೂರ್ತಿ ಬೇಯಿಸಿ ಮಸಾಲಿ ಕೂಡಿಸ್ರಿ. ಹಸಿ ಮಾಂಸದ ಮ್ಯಾಲ ಅಕ್ಕಿ ಹಾಕೋ ಕಚ್ಚಿ ಪದ್ಧತಿ ಎಳೀ ಕುರಿಗಿ ಸರಿ, ಇದಕ್ಕ ಅಲ್ಲ.

ದಾಲ್ಚಾಕ್ಕ ಕಡಲಿಬ್ಯಾಳಿನೇ ಬೇಕಾ? ಮನ್ಯಾಗ ತೊಗರಿಬ್ಯಾಳಿ ಚೀಲಗಟ್ಟಲೆ ಅದ

ಹೊಲದಾಗ ತೊಗರಿ ಬೆಳಿಯೋರ ಮನ್ಯಾಗ ಇದು ಬಂದೇ ಬರೋ ಪ್ರಶ್ನಿ. 2019ರಾಗ ಜಿಐ ಟ್ಯಾಗ್ (ಇದು ಈ ಊರಿಂದೇ ಅನ್ನೋ ಸರ್ಕಾರಿ ಗುರ್ತು) ಸಿಕ್ಕ ಬ್ಯಾಳಿ ನಮ್ಮದು, ಧಾರಾಳ ಹಾಕ್ರಿ. ಬರೇ ತೊಗರಿ ಹಾಕಿದ್ರ ತೆಳ್ಳಗ ಸಾರಿನಂಗ ಆಗ್ತದ, ಅದಕ್ಕ ನಾನು ಅರ್ಧ ಕಡಲಿ, ಅರ್ಧ ತೊಗರಿ ಹಾಕ್ತೀನಿ. ಚಾಪ್ ಬ್ಯಾರೆ, ಬ್ಯಾಳಿ ಬ್ಯಾರೆ ಬೇಯಿಸಿ ಕೂಡಿಸ್ರಿ, ಕುಂಬಳ ಇಲ್ಲಾ ಸೋರಿಕಾಯಿ ಹಾಕ್ರಿ. ಹುಣಸಿ ರಸ ಬ್ಯಾಳಿ ಪೂರ್ತಿ ಬೆಂದಮ್ಯಾಲೇ, ಮೊದಲ ಹಾಕಿದ್ರ ಬ್ಯಾಳಿ ಕಾಳು ಕಾಳೇ ಉಳೀತದ. ಬಗಾರಾ ಅನ್ನದ ಜೊತಿ ಉಣ್ರಿ.

ಪುಂಡಿಪಲ್ಲೆ ಗೋಶ್ತ್ ಮಾಡಿದ್ರ ಬರೇ ಹುಳಿ ಹುಳಿ ಆಗ್ತದ

ಕೆಂಪು ದಂಟಿನ ಪುಂಡಿ ಹುಳಿ ಜಾಸ್ತಿ, ಬಿಳಿ ದಂಟಿನದು ಕಮ್ಮಿ, ಮೊದಲ ಸಲಕ್ಕ ಬಿಳೀದು ತರ್ರಿ. ಅರ್ಧ ಕಿಲೋ ಮಾಂಸಕ್ಕ ಎರಡು ಸಣ್ಣ ಸಿವುಡು ಸಾಕು. ಪಲ್ಲೆ ಕುಕ್ಕರಿಗಿ ಹಾಕಬ್ಯಾಡ್ರಿ, ಬ್ಯಾರೆ ಬೋಗಾಣಿಯಾಗ ಎಣ್ಣಿ, ಹಸಿಮೆಣಸಿನಕಾಯಿ ಜೊತಿ ಮುದ್ದಿ ಆಗೋತನಕ ಬಾಡಸ್ರಿ, ಆಮ್ಯಾಲ ಬೆಂದ ಮಾಂಸಕ್ಕ ಅರ್ಧ ಹಾಕಿ ರುಚಿ ನೋಡಿ ಉಳಿದದ್ದು ಹಾಕ್ರಿ. ಹುಳಿ ಏರಿದ್ರ ಸಕ್ಕರಿ ಹಾಕಬ್ಯಾಡ್ರಿ, ಹುರದ ಉಳ್ಳಾಗಡ್ಡಿ ಹಾಕ್ರಿ, ಅದರ ಸಿಹಿ ಸಾಕು. ಕಡೀಕ ಹತ್ತು ಎಸಳು ಬಳ್ಳೊಳ್ಳಿ ಜಜ್ಜಿ ಒಣಮೆಣಸಿನಕಾಯಿ ಜೊತಿ ಒಗ್ಗರಣಿ. ಖಾಲಾ ಅವರು ಇದಕ್ಕ ಅಂಬಾಡೆ ಕಾ ಗೋಶ್ತ್ ಅಂತಾರ, ನಮ್ಮವ್ವ ಪುಂಡಿ ಖಂಡ ಅಂತಿದ್ಲು, ಭಗೋಣಿ ಒಳಗ ಇರೋದು ಒಂದೇ. ಬಿಸಿ ಜ್ವಾಳದ ರೊಟ್ಟಿ ಬೇಕು.

ನಮ್ಮ ಅಜ್ಜಿ ಮಾಂಸ ಒಣಗಿಸಿ ಇಡ್ತಿದ್ಲು, ಈಗ ನಾನೂ ಮಾಡಬಹುದಾ? ಹೆದರಿಕಿ ಆಗ್ತದ

ನಮ್ಮ ಆಯಿನೂ ಮಾಡ್ತಿದ್ಲು. ಬೆಳ್ಳಿನಷ್ಟು ದಪ್ಪ, ಗೇಣು ಉದ್ದದ ಪಟ್ಟಿ ಕೊಯ್ದು, ಉಪ್ಪು, ಅರಿಷಿಣ ತಿಕ್ಕಿ, ಮಾಳಿಗಿಮ್ಯಾಲ ಹಗ್ಗಕ್ಕ ಒಂದೊಂದೇ ನೇತು ಹಾಕಿ, ತಾನು ಅಲ್ಲೇ ಕೌದಿ ಹಾಸ್ಕೊಂಡು ಕೈಯಾಗ ಬಾರಕೋಲು ಹಿಡದು ಕಾಗಿ ಕಾಯ್ತಿದ್ಲು. ಸಂಜಿಗಿ ಪಟ್ಟಿ ಮುಟ್ಟಿ ನೋಡಿ ಬಗ್ಗಿದ್ರ ಇನ್ನೊಂದು ಬಿಸಿಲು ಅಂತಿದ್ಲು, ಲಟ್ ಅಂತ ಮುರದ್ರ ಗಡಗಿಗಿ. ಫ್ರಿಜ್ ಇಲ್ಲದ ಕಾಲದಾಗ, ಮಾಂಸ ಯಾವಾಗೋ ಒಮ್ಮಿ ಕೈಗಿ ಸಿಗೋ ಕೇರಿಯಾಗ, ಅದು ಮಳಿಗಾಲದ ಊಟ. ಕೆಂಡದ ಮ್ಯಾಲ ಸುಟ್ಟು ಒಳ್ಳಾಗ ಕುಟ್ಟಿ ಹಸಿ ಉಳ್ಳಾಗಡ್ಡಿ, ಖಾರ ಕಲಸಿದ್ರ ರೊಟ್ಟಿಗಿ, ಬದನಿಕಾಯಿ ಜೊತಿ ಹಾಕಿದ್ರ ಪಲ್ಯ, ತೊಗರಿಬ್ಯಾಳಿಗಿ ಹಾಕಿದ್ರ ಸಾರು. ನಾನು ದೇಶ ದೇಶದ ಅಡಿಗಿ ಮಾಡಿ ನೋಡೀನಿ, ಆ ಸುಟ್ಟ ಖಂಡದ ವಾಸನಿಗಿ ಸಮ ಬ್ಯಾರೆ ಕಂಡಿಲ್ಲ.

ಈಗ ಮಾಡೋದಿದ್ರ ಒಂದು ಹೆಜ್ಜಿ ಕೂಡಿಸ್ರಿ. ಪಟ್ಟಿಗಳನ್ನ ಉಪ್ಪು ನೀರಿನ್ಯಾಗ ಹತ್ತು ನಿಮಿಷ ಕುದಿಸಿ ಬಸದು ಆಮ್ಯಾಲ ಒಣಗಸ್ರಿ, ಕ್ರಿಮಿ ಮೊದಲೇ ಸಾಯ್ತಾವ. ಚರ್ಬಿ ಒಂದು ಚೂರೂ ಇರಬಾರದು, ಚರ್ಬಿ ಒಣಗಂಗಿಲ್ಲ, ಕಮಟ್ತದ. ಮಾರ್ಚ್-ಏಪ್ರಿಲ್ ಬಿಸಿಲು, ತೆಳು ಬಟ್ಟಿ ಮುಚ್ಚಿ ಮೂರು-ನಾಕು ದಿನ, ರಾತ್ರಿ ಒಳಗ. ಮೋಡ ಇದ್ದ ದಿನ ಸುರು ಮಾಡಬ್ಯಾಡ್ರಿ. ಒಣಗಿದ್ದು ಡಬ್ಬಿಗಿ ಹಾಕಿ ಫ್ರಿಜ್ಜಿನ್ಯಾಗ ಇಡ್ರಿ.

ರಮ್ಜಾನಿನ ಹಲೀಮು ಮನ್ಯಾಗ ಕುಕ್ಕರಿನ್ಯಾಗ ಆಗ್ತದಾ?

ಆಗ್ತದ, ಕೈ ನೋಯ್ತದ. ಹೈದರಾಬಾದಿ ಹಲೀಮಿಗಿ 2010ರಾಗ ಜಿಐ ಬಂತು, ಮೂಲ ಅರಬರ ಹರೀಸ್ ಅನ್ನೋ ಗೋಧಿ-ಮಾಂಸದ ಅಡಿಗಿ. ಹೋಟೆಲಿನ್ಯಾಗ ಕಟ್ಟಿಗಿ ಭಟ್ಟಿಮ್ಯಾಲ ತಾಸುಗಟ್ಟಲೆ ಕಡೀತಾರ. ಮನ್ಯಾಗ ಒಂದು ಕಿಲೋ ಎಲುಬಿಲ್ಲದ ರಾನಿಗಿ ಪಾವ್ ಕಿಲೋ ಒಡದ ಗೋಧಿ, ಒಂದೊಂದು ಹಿಡಿ ಕಡಲಿ, ಹೆಸರು, ಉದ್ದಿನಬ್ಯಾಳಿ. ಗೋಧಿ ರಾತ್ರಿ ನೆನಸ್ರಿ. ಮಾಂಸ ಬ್ಯಾರೆ, ಗೋಧಿ-ಬ್ಯಾಳಿ ಬ್ಯಾರೆ ಮೆತ್ತಗ ಬೇಯಿಸಿ ಕೂಡಿಸಿ ಕಟ್ಟಿಗಿ ಕಡಗೋಲಿನಿಂದ ನಲವತ್ತು ನಿಮಿಷ ಕಡೀರಿ. ಮಿಕ್ಸರಿಗಿ ಹಾಕಿದ್ರ ಎಳಿ ತುಂಡಾಗಿ ಪೇಸ್ಟ್ ಆಗ್ತದ, ಹಲೀಮಿನ ಜೀವ ಆ ಎಳೀನೇ. ಎಮ್ಮಿ ಮಾಂಸದಾಗ ಚರ್ಬಿ ಕಮ್ಮಿ ಇರೋದ್ರಿಂದ ತುಪ್ಪ ಜರಾ ಧಾರಾಳ ಹಾಕ್ರಿ.

## ಹೊರಗಿನ ಅಡಿಗಿ ನಮ್ಮ ಒಲಿಮ್ಯಾಲ

ಕೇರಳ ಬೀಫ್ ಫ್ರೈ ಅವರಂಗ ಕಪ್ಪಗ ಯಾಕ ಆಗಲ್ಲ ನಂದು?

ಯಾಕಂದ್ರ ನೀವು ಹತ್ತು ನಿಮಿಷ ಹುರೀತೀರಿ, ಅವರು ಮುಕ್ಕಾಲು ತಾಸು. ತಂಗಿ ರೂಮಿನ ಕೊಟ್ಟಾಯಂ ಹುಡುಗಿ ಒಮ್ಮಿ ಕ್ರಿಸ್‌ಮಸ್ ರಜಾದಾಗ ನಮ್ಮ ಮನಿಗಿ ಬಂದು ಮಾಡಿ ತೋರಿಸಿದ್ಲು. ಸಣ್ಣ ತುಂಡು, ಧನಿಯಾ, ಖಾರ, ಅರಿಷಿಣ, ಕಾಳುಮೆಣಸು, ಸೋಂಪು, ಕೊಬ್ರಿ ತುಂಡು, ಕರಿಬೇವು ಎಲ್ಲಾ ಕೈಲೆ ಕಿವುಚಿ ಕುಕ್ಕರಿಗಿ, ನೀರು ಬರೇ ಕಾಲು ಬಟ್ಟಲು, ಮಾಂಸ ತನ್ನ ನೀರು ತಾನೇ ಬಿಡ್ತದ. ಆಮ್ಯಾಲ ಅಗಲ ಕಬ್ಬಿಣದ ಬಾಣಲಿಯಾಗ ಕೊಬ್ರಿ ಎಣ್ಣಿ, ಸಣ್ಣ ಉಳ್ಳಾಗಡ್ಡಿ, ಇನ್ನಷ್ಟು ಕರಿಬೇವು, ಅದರಾಗ ಬೆಂದ ಮಾಂಸ ರಸದ ಸಮೇತ. ರಸ ಇಂಗಿದಮ್ಯಾಲೇ ಖರೇ ಕೆಲಸ ಸುರು, ಮಧ್ಯಮಕ್ಕಿಂತ ಕಮ್ಮಿ ಉರಿ, ಎರಡು ನಿಮಿಷಕ್ಕೊಮ್ಮಿ ತಳದಿಂದ ಕೆರದು ತಿರುವೋದು. ಮಸಾಲಿ ಮಾಂಸಕ್ಕ ಹತ್ತಿ ಮೊದಲ ಕೆಂಪು, ಆಮ್ಯಾಲ ಕಂದು, ಆಮ್ಯಾಲ ಕಪ್ಪು. ಮಲಯಾಳದಾಗ ಉಲರ್ತಿಯದು ಅಂತಾರ. ಉರಿ ಜೋರು ಮಾಡಿದ್ರೂ ಕಪ್ಪು ಬರ್ತದ, ಆದ್ರ ಅದು ಸೀದ ಕಪ್ಪು, ಕಹಿ. ಆ ಹುಡುಗಿ ಕೊಬ್ರಿ ತುಂಡು ಹಲ್ಲಿಗಿ ಸಿಗಬೇಕು ಅಂತ ಬೆಳ್ಳಿನ ಉಗುರಿನಷ್ಟು ದೊಡ್ಡದು ಹೆಚ್ಚಿದ್ಲು, ನಾನೂ ಈಗ ಹಂಗೇ ಹೆಚ್ಚತೀನಿ.

ರೆಂಡಾಂಗ್ ಮಾಡಬೇಕಂತ ಆಸಿ, ಆದ್ರ ಅದರ ಸಾಮಾನು ಯಾದಗಿರಿದಾಗ ಎಲ್ಲಿ ಸಿಗ್ತಾವ?

ಇಂಡೋನೇಷ್ಯಾದ ಪಶ್ಚಿಮ ಸುಮಾತ್ರದ ಮಿನಾಂಗ್‌ಕಬಾವ್ ಮಂದಿ ಅಡಿಗಿ ಇದು, ನಮ್ಮ ಗಟ್ಟಿ ಮಾಂಸಕ್ಕ ಹೇಳಿ ಮಾಡಿಸಿದಂಗ ಅದ, ಯಾಕಂದ್ರ ಅವರೂ ಎಮ್ಮಿ-ಕೋಣದ ಮಾಂಸದಿಂದ ಮಾಡ್ತಾರ ಮತ್ತ ನಾಕು ತಾಸು ಒಲಿಮ್ಯಾಲ ಬಿಡ್ತಾರ. ನಿಂಬಿ ಹುಲ್ಲು ಈಗ ಬಹಳ ಮಂದಿ ಹೂಕುಂಡದಾಗ ಬೆಳಸ್ತಾರ, ಚಹಾಕ್ಕ ಹಾಕೋದೇ ಅದು. ಅವರ ನಿಂಬಿ ಎಲಿ ಬದಲು ನಮ್ಮ ನಿಂಬಿಗಿಡದ ಎಳೀ ಎಲಿ ಮೂರು. ಗಲಾಂಗಲ್ ಅನ್ನೋ ಅಲ್ಲದಂಥ ಬೇರು ಸಿಗಲಿಲ್ಲಂದ್ರ ಅಲ್ಲ ಜಾಸ್ತಿ ಹಾಕ್ರಿ, ಘಮ ಫರಕು ಆಗ್ತದ, ಅಡಿಗಿ ಕೆಡಂಗಿಲ್ಲ. ಒಂದು ಕಿಲೋಕ್ಕ ಎರಡು ದೊಡ್ಡ ತೆಂಗಿನಕಾಯಿ ಹಾಲು ಬೇಕು, ಪಾಕೀಟಿನ ಹಾಲೂ ನಡೀತದ.

ಹಾಲು, ಅರದ ಮಸಾಲಿ, ಹಸಿ ಮಾಂಸ ಒಟ್ಟಿಗಿ ಹಾಕಿ ಮುಚ್ಚದೇ ಕುದಿಸೋದು. ನಮ್ಮ ಒಗ್ಗರಣಿ ಪದ್ಧತಿಗಿ ಇದು ಪೂರ್ತಿ ಉಲ್ಟಾ: ನಾವು ಮೊದಲ ಹುರದು ಆಮ್ಯಾಲ ಕುದಿಸ್ತೀವಿ, ಇಲ್ಲಿ ಮೊದಲ ಕುದಿದು ನೀರು ಹೋದಮ್ಯಾಲ ತೆಂಗಿನ ಎಣ್ಣಿ ಬಿಟ್ಟು ಅದರಾಗೇ ಹುರೀತದ. ತೆಳ್ಳಗ ಇದ್ದಾಗ ಗುಲಾಯ್, ದಪ್ಪ ಆದಾಗ ಕಾಲಿಯೊ, ಒಣಗಿ ಕಂದು ಆದಾಗ ರೆಂಡಾಂಗ್. ಕಾಲಿಯೊ ಘಟ್ಟದಾಗ ಎಲ್ಲಾರಿಗೂ ಸಾಕು ಅನಿಸ್ತದ, ಇನ್ನೊಂದು ತಾಸು ತಡೀರಿ.

ಗೂಲಾಶಿಗಿ ಪಾಪ್ರಿಕಾ ಬೇಕಂತ, ನಮ್ಮ ಖಾರ ಹಾಕಿದೆ, ಬಾಯಿ ಸುಟ್ಟು ಹೋಯ್ತು

ಹಂಗೇರಿಯ ಪಾಪ್ರಿಕಾ ಬಣ್ಣಕ್ಕ, ಸಿಹಿ ಘಮಕ್ಕ, ಖಾರಕ್ಕಲ್ಲ. ಬ್ಯಾಡಗಿ ಮೆಣಸಿನಕಾಯಿ ಬೀಜ ತಗದು ಪುಡಿ ಮಾಡ್ರಿ, ಭಾಳ ಹತ್ತಿರ ಬರ್ತದ, ಕಿಲೋಕ್ಕ ಮೂರು ದೊಡ್ಡ ಚಮಚಿ. ಉಳ್ಳಾಗಡ್ಡಿ ಮುಕ್ಕಾಲು ಕಿಲೋ, ಹೆದರಬ್ಯಾಡ್ರಿ, ಅದೇ ಕರಗಿ ಗ್ರೇವಿ ಆಗೋದು. ಪುಡಿ ಹಾಕುವಾಗ ಉರಿ ಬಂದ್ ಮಾಡ್ರಿ, ಬಿಸಿ ಎಣ್ಣಿಯಾಗ ಸೀದ್ರ ಕಹಿ. ಅವರು ಕ್ಯಾರವೇ ಅಂತ ಹಾಕ್ತಾರಲ್ಲ, ನಮ್ಮ ಶಾಹಿ ಜೀರಾ ಅದರ ಹತ್ತಿರದ್ದು. ಗುಯಾಶ್ ಅಂದ್ರ ಅಲ್ಲಿ ದನ ಕಾಯೋನು, ಹುಲ್ಲುಗಾವಲಿನ್ಯಾಗ ಒಂದೇ ಕಡಾಯಿಯಾಗ ಅವರು ಮಾಡ್ಕೊತಿದ್ದ ಊಟ. ಅಲ್ಲಿ ಅದು ಸೂಪಿನಂಗ ತೆಳ್ಳಗ, ದಪ್ಪಂದಕ್ಕ ಪೊರ್ಕೊಲ್ಟ್ ಅಂತ ಬ್ಯಾರೆ ಹೆಸರು. ಖಡಕ್ ರೊಟ್ಟಿ ಮುರದು ಅದರಾಗ ನೆನಸಿ ತಿಂದ್ರ ನಮ್ಮ ಬಾಯಿಗಿ ಹತ್ತತದ.

ಫ್ರೆಂಚರ ವೈನ್ ಹಾಕಿದ ಬೀಫು ವೈನ್ ಇಲ್ಲದೇ ಆಗ್ತದಾ? ನಮ್ಮ ಮನ್ಯಾಗ ಮುಟ್ಟಂಗಿಲ್ಲ

ನಮ್ಮ ತವರಿನ್ಯಾಗೂ ಮುಟ್ಟಂಗಿಲ್ಲ. ವೈನ್ ಕೊಡೋದು ಹುಳಿ, ಸಿಹಿ, ಜರಾ ಒಗರು, ಮೂರೂ ಬ್ಯಾರೆ ಕಡಿಯಿಂದ ತರಬಹುದು. ಬೀಜ ಇದ್ದ ಕಪ್ಪು ದ್ರಾಕ್ಷಿ ಸಿಪ್ಪಿ ಸಮೇತ ಕುದಿಸಿ ಸೋಸಿದ ರಸ ಎರಡು ಬಟ್ಟಲು, ವಿನೆಗರ್ ಎರಡು ಚಮಚಿ, ಒಂದು ಬಟ್ಟಲು ಎಲುಬಿನ ಸಾರು. ಇದಕ್ಕ ಫ್ರೆಂಚರ ಆ ವೈನ್ ಅಡಿಗಿ ಹೆಸರು, ಬರ್ಗಂಡಿ ಅಂತ, ಇಡಬ್ಯಾಡ್ರಿ, ಅದು ಬ್ಯಾರೇನೇ ಆಗ್ತದ, ಆದ್ರ ಛಲೋ ಆಗ್ತದ. ದೊಡ್ಡ ತುಂಡು ಒರಸಿ ಒಣಗಿಸಿ, ನಾಕು ನಾಕೇ ಎಣ್ಣಿಗಿ ಹಾಕಿ ಎಲ್ಲಾ ಮಗ್ಗಲು ಕಂದು ಮಾಡ್ರಿ, ಒಮ್ಮೆಲೇ ಸುರುವಿದ್ರ ನೀರು ಬಿಟ್ಟು ಬೇಯ್ತಾವ, ಹುರಿಯಂಗಿಲ್ಲ. ಗಜ್ಜರಿ, ಅಣಬಿ ಕಡೀಕ.

ಕೊರಿಯಾದ ಬುಲ್ಗೋಗಿ ವಿಡಿಯೋದಾಗ ಎರಡು ನಿಮಿಷಕ್ಕ ಆಗ್ತದ, ನಂದು ಅಗಿಯಾಕೇ ಆಗಲಿಲ್ಲ

ಎರಡು ನಿಮಿಷದ ಅಡಿಗಿಗಿ ದಸ್ತಿ ತಂದ್ರ ಆಗಂಗಿಲ್ಲ. ಅಂಡರ್‌ಕಟ್ ತರ್ರಿ, ಒಂದು ತಾಸು ಫ್ರೀಜರಿನ್ಯಾಗ ಇಟ್ಟು ಅರ್ಧ ಗಟ್ಟಿ ಆದಾಗ ನಾರಿಗಿ ಅಡ್ಡ ಕಾಗದದಷ್ಟು ತೆಳ್ಳಗ ಕೊಯ್ರಿ. ನಾರಿನ ಉದ್ದಕ್ಕ ಕೊಯ್ದ್ರ ಎಷ್ಟೇ ತೆಳ್ಳಗಿದ್ರೂ ಹಗ್ಗ ಅಗದಂಗ. ಸೋಯಾ ಸಾಸ್, ಸಕ್ಕರಿ, ಬಳ್ಳೊಳ್ಳಿ, ಎಳ್ಳೆಣ್ಣಿ, ಅವರ ಕಡಿ ನಾಸಪತಿ ಬದಲು ನಮ್ಮ ನಾಸಪತಿ ತುರದು ಹಾಕ್ರಿ. ಅವರ ಎಳ್ಳೆಣ್ಣಿ ಹುರದ ಎಳ್ಳಿಂದು, ಕಡೀಕ ಒಂದೇ ಚಮಚಿ.

ಸ್ಟೇಕ್ ಒಳಗ ಕೆಂಪಗ ಇಟ್ಟು ತಿನ್ನಬಹುದಾ?

ನಮ್ಮ ಅಂಗಡಿ ಮಾಂಸಕ್ಕ ಬ್ಯಾಡ. ಹೊರಗ ತೂಗುಹಾಕಿ ಮಾರೋದು, ನಮ್ಮ ಬಿಸಿಲು, ಪೂರ್ತಿ ಬೇಯಲಿ. ಖೀಮಾ ಅಂತೂ ಒಳಗ ಒಂದು ಚೂರೂ ಕೆಂಪು ಇರಬಾರದು, ಹೊರಮೈ ಕ್ರಿಮಿ ಎಲ್ಲಾ ಕುಟ್ಟುವಾಗ ಒಳಗ ಹೋಗಿರ್ತಾವ, ನಡುವಿನ ಬಿಸಿ 71 ಡಿಗ್ರಿ ಮುಟ್ಟಬೇಕು. ಸ್ಟೇಕಿನ ಆಸಿ ಇದ್ರ ಪಸಂದಾ ಮಾಡ್ರಿ: ರಾನಿನ ತೆಳು ಹೋಳು ಕುಟ್ಟಿ, ಮೊಸರಿನ್ಯಾಗ ನೆನಸಿ, ಗಸಗಸಿ ಮಸಾಲಿಯಾಗ ಸಾವಕಾಶ ಬೇಯಿಸಿ.

## ಕೈ ಪಳಗಿದವರು ಕೇಳೋದು

ಕಬಾಬಿಗಿ ಪಪ್ಪಾಯಿ ಎಷ್ಟು, ಎಷ್ಟೊತ್ತು?

ಒಂದು ಕಿಲೋಕ್ಕ ಹಸಿ ಪಪ್ಪಾಯಿ ಸಿಪ್ಪಿ ಸಮೇತ ಅರದದ್ದು ಎರಡು ದೊಡ್ಡ ಚಮಚಿ, ಎರಡರಿಂದ ನಾಕು ತಾಸು, ಅದಕ್ಕಿಂತ ಜಾಸ್ತಿ ಬ್ಯಾಡ. ನಾನು ಒಂದು ಈಸ್ಟರ್ ಹಿಂದಿನ ರಾತ್ರಿ ಜಾಸ್ತಿ ಹಾಕಿದ್ರ ಜಾಸ್ತಿ ಮೆತ್ತಗ ಆಗ್ತದ ಅಂತ ಐದು ಚಮಚಿ ಹಾಕಿ ಮುಂಜಾನಿ ತನಕ ಇಟ್ಟೆ. ಸೀಖಿಗಿ ಚುಚ್ಚಾಕ ಹೋದ್ರ ತುಂಡಿನ ಹೊರಮೈ ನೆನಸಿದ ಹಿಟ್ಟಿನಂಗ ಬೆಳ್ಳಿಗಿ ಹತ್ತಿ ಬಂತು, ಒಳಗ ಗಟ್ಟಿ ಹಂಗೇ ಇತ್ತು, ಹನ್ನೆರಡು ಮಂದಿ ಊಟಕ್ಕ ಕೂತಿದ್ರು. ಆ ದಿನ ಎಲ್ಲಾ ಮತ್ತ ಕುಟ್ಟಿ ಖೀಮಾ ಮಾಡಿ ಬಡಿಸಿದೆ. ಪಪ್ಪಾಯಿ ಕೆಲಸ ಹೊರಮೈಗಿ ಮಾತ್ರ, ಒಳಗ ಇಳಿಯಂಗಿಲ್ಲ, ಅದಕ್ಕ ತುಂಡು ಸಣ್ಣ ಇರಬೇಕು. ಅದರ ಜೋರು 50ರಿಂದ 70 ಡಿಗ್ರಿ ನಡುವ, ಅಂದ್ರ ಬೇಯೋ ಸುರುವಿನ್ಯಾಗ ಇನ್ನೂ ಕೆಲಸ ಮಾಡ್ತಿರ್ತದ. ಹಣ್ಣಾದ ಪಪ್ಪಾಯಿಗಿ ಈ ಶಕ್ತಿ ಭಾಳ ಕಮ್ಮಿ.

50 ಮಂದಿಗಿ ಮಾಡಬೇಕು, 5 ಮಂದಿ ರೆಸಿಪಿ ಹತ್ತರಿಂದ ಗುಣಿಸಿದ್ರ ಆತಲ್ಲ?

ಮಾಂಸ, ಅಕ್ಕಿ ಗುಣಿಸ್ರಿ, ಉಳಿದದ್ದು ಗುಣಿಸಬ್ಯಾಡ್ರಿ. ಎಲುಬಿನ ಮಾಂಸ 9-10 ಕಿಲೋ, ತಹರಿ ಆದ್ರ ಅಕ್ಕಿ 6 ಕಿಲೋ. ಖಾರ, ಗರಂ ಮಸಾಲಿ, ಲವಂಗ ಏಳು ಪಟ್ಟು ಹಾಕಿ ರುಚಿ ನೋಡಿ ಏರಿಸ್ರಿ. ನೀರೂ ಹಂಗೇ, ದೊಡ್ಡ ಡೇಗಿನ್ಯಾಗ ಆವಿ ಆಗಿ ಹೋಗೋದು ಅದರ ಲೆಕ್ಕದಾಗ ಕಮ್ಮಿ. ಉಳ್ಳಾಗಡ್ಡಿ ಒಂದೇ ಸಲ ಹುರಿಯಾಕ ಹೋಗಬ್ಯಾಡ್ರಿ, ನಾಕು ಕಂತಿನ್ಯಾಗ ಹುರದು ತಗೀರಿ, ಇಲ್ಲಂದ್ರ ನೀರು ಬಿಟ್ಟು ಬೇಯ್ತದ, ಕಂದು ಬಣ್ಣ ಬರೋದೇ ಇಲ್ಲ.

ಬ್ಯಾಸಗಿದಾಗ ಕರೆಂಟ್ ಹೋದ್ರ ಫ್ರಿಜ್ಜಿನ ಮಾಂಸ ಎಷ್ಟೊತ್ತು ತಡೀತದ?

ಬಾಗಿಲು ತಗೀದಿದ್ರ ಕೆಳಗಿನ ಫ್ರಿಜ್ 4 ತಾಸು. ತುಂಬಿದ ಫ್ರೀಜರ್ 48 ತಾಸು, ಅರ್ಧ ತುಂಬಿದ್ದು 24. ಖಾಲಿ ಇದ್ದ ಜಾಗದಾಗ ನೀರಿನ ಬಾಟ್ಲಿ ಇಟ್ಟು ಬರ್ಫ ಮಾಡಿ ಇಡ್ರಿ, ಅದೇ ಕಾಪಾಡ್ತದ. ಹಸಿ ತುಂಡು ಫ್ರಿಜ್ಜಿನ್ಯಾಗ ಮೂರು ದಿನ, ಖೀಮಾ ಒಂದೇ ದಿನ. ಅಡಿಗಿ ಆದದ್ದು ನಮ್ಮ 40 ಡಿಗ್ರಿ ಬ್ಯಾಸಗಿದಾಗ ಹೊರಗ ಒಂದು ತಾಸಿಗಿಂತ ಜಾಸ್ತಿ ಬಿಡಬ್ಯಾಡ್ರಿ, ದೊಡ್ಡ ಭಗೋಣಿ ಹಂಗೇ ಇಟ್ರ ನಡುವ ತಣ್ಣಗ ಆಗಂಗಿಲ್ಲ, ಅಗಲ ತಾಟಿಗಿ ಸುರುವಿ ತಣಸಿ ಒಳಗ ಇಡ್ರಿ. ಕೆಟ್ಟ ವಾಸನಿ ಬಂದ ಮ್ಯಾಲ ಮತ್ತ ಕುದಿಸಿ ಉಣ್ಣೋದು ಬ್ಯಾಡ, ಕೆಲವು ವಿಷ ಕುದಿಗೂ ಹೋಗಂಗಿಲ್ಲ.

ಮನ್ಯಾಗ ವಯಸ್ಸಾದವರಿದ್ದಾರ, ಯೂರಿಕ್ ಆಸಿಡ್ ಅದ, ಕೊಡಬಹುದಾ?

ಅದು ಅವರ ಡಾಕ್ಟರ್ ಹೇಳಬೇಕಾದ ಮಾತು. ನಾನು ಹೇಳೋದು ಇಷ್ಟೇ, ಯೂರಿಕ್ ಆಸಿಡ್ ಏರಿಸೋ ಅಂಶ ತುಂಡಿನಿಂದ ರಸಕ್ಕ ಇಳೀತದ, ಅದಕ್ಕ ಬರೇ ಶೋರ್ಬಾ ಕೊಟ್ರ ಹಗುರ ಅಂತ ತಿಳೀಬ್ಯಾಡ್ರಿ, ಕಲೇಜಿ (ಲಿವರ್) ಅಂತೂ ಬ್ಯಾಡ. ಕಬ್ಬಿಣ, ಬಿ12 ಬೇಕಾದವರಿಗಿ ಈ ಮಾಂಸ ಛಲೋ. ಆದ್ರ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಾಗ ಕೆಂಪು ಮಾಂಸವನ್ನ ಕ್ಯಾನ್ಸರ್ ತರೋ ಸಂಭವ ಇದ್ದ ಪಟ್ಟಿಗಿ ಹಾಕ್ಯದ, ಅದಕ್ಕ ನಮ್ಮ ಮನ್ಯಾಗ ವಾರಕ್ಕ ಒಂದೇ ದಿನ, ಜೊತಿಗಿ ಪಲ್ಲೆ, ಬ್ಯಾಳಿ ಇರಲೇಬೇಕು.

ನಿಹಾರಿ ಮಾಡಿದ್ರ ನಲ್ಲಿ ಒಳಗಿನ ಮಜ್ಜಿ ಪೂರ್ತಿ ಕರಗಿ ಹೋಗ್ತದ, ತುಂಬಿದ ನಲ್ಲಿ ಬಡಿಸೋದು ಹೆಂಗ?

ನಲ್ಲಿ (ಮಜ್ಜಿ ತುಂಬಿದ ಕೊಳವಿ ಎಲುಬು) ಮತ್ತ ಬೊಂಗ್ ಒಂದೇ ಹೊತ್ತಿಗಿ ಹಾಕೋದೇ ತಪ್ಪು. ಬೊಂಗಿಗಿ ಸಣ್ಣ ಉರಿಮ್ಯಾಲ ಆರು ತಾಸು ಬೇಕು, ಮಜ್ಜಿಗಿ ಮುಕ್ಕಾಲು ತಾಸು. ನಹಾರ್ ಅಂದ್ರ ಅರಬಿಯಾಗ ಹಗಲು, ರಾತ್ರಿ ಒಲಿಮ್ಯಾಲ ಇಟ್ಟು ಮುಂಜಾನಿ ಉಣ್ಣೋ ಅಡಿಗಿ ಇದು, ನೀವೂ ಹಂಗೇ ಮಾಡ್ರಿ. ರಾತ್ರಿ ಬೊಂಗ್, ಸೋಂಪು, ಒಣಶುಂಠಿ, ಜಾಜಿಕಾಯಿ, ಪಿಪ್ಪಲಿ ಕಟ್ಟಿದ ಪೊಟ್ಲಿ, ಹುರದ ಗೋಧಿಹಿಟ್ಟು ನೀರಿನ್ಯಾಗ ಕಲಸಿದ್ದು. ನಲ್ಲಿ ತೊಳದು ಫ್ರಿಜ್ಜಿನ್ಯಾಗ ಇಡ್ರಿ, ಮುಂಜಾನಿ ಊಟಕ್ಕ ಮುಕ್ಕಾಲು ತಾಸು ಇದ್ದಾಗ ಭಗೋಣಿಯಾಗ ನೆಟ್ಟಗ ನಿಲ್ಲಸ್ರಿ, ಮಲಗಿಸಬ್ಯಾಡ್ರಿ, ಉರಿ ಬರೇ ಗುಳು ಗುಳು ಅನ್ನೋಷ್ಟು. ಎಮ್ಮಿ ಚರ್ಬಿ ಬೇಗ ಹೆಪ್ಪುಗಟ್ತದ, ತಾಟು ಬಿಸಿನೀರಿನ್ಯಾಗ ಅದ್ದಿ ಒರಸಿ ಬಡಿಸ್ರಿ. ನಲ್ಲಿ ತುದಿ ಬಟ್ಟಿಲೆ ಹಿಡದು ತಾಟಿನ ಅಂಚಿಗಿ ಎರಡು ಸಲ ಬಡದ್ರ ಮಜ್ಜಿ ಇಡಿಯಾಗಿ ಜಾರಿ ಬೀಳ್ತದ, ನಮ್ಮ ಮನ್ಯಾಗ ಅದು ಸಣ್ಣ ಹುಡುಗರ ಪಾಲು.